ತೋಟದ ಗುಂಡಿಯಲ್ಲಿ ನಾಣ್ಯದ ಕುಡಿಕೆ ಸಿಕ್ಕರೆ: ದೂರದೇಶದ ವ್ಯಾಪಾರದ ಗುರುತು ಓದುವ ಕ್ರಮ

ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ಗಿಡಕ್ಕೆ ಒಂದೂವರೆ ಅಡಿ ಗುಂಡಿ ತೆಗೆಯುವಾಗ, ಬೇಲೂರು–ಅರಸೀಕೆರೆ ಬಯಲಿನಲ್ಲಿ ಕೆರೆ ಹೂಳೆತ್ತುವಾಗ, ಹಳೇ ಮನೆ ಕೆಡವಿ ಹೊಸ ಪಾಯ ತೋಡುವಾಗ ಹಾರೆಯ ತುದಿಗೆ ಮಡಕೆಯೊಂದು ತಗಲುವುದು ಉಂಟು. ಒಳಗೆ ನಾಣ್ಯವಿದ್ದರೆ ಎಲ್ಲರ ಕಣ್ಣೂ ಲೋಹದ ಮೇಲೇ ಇರುತ್ತದೆ. ಆದರೆ ಚರಿತ್ರೆಗೆ ಬೇಕಾದ್ದು ಲೋಹವೊಂದೇ ಅಲ್ಲ. ಯಾವ ನಾಣ್ಯದ ಜೊತೆ ಯಾವುದು ಇತ್ತು, ಎಷ್ಟಿತ್ತು, ಯಾವ ಮಡಕೆಯಲ್ಲಿ, ಎಷ್ಟು ಆಳದಲ್ಲಿ, ಯಾವ ದಾರಿಯ ಪಕ್ಕದಲ್ಲಿ ಎಂಬುದೆಲ್ಲ ಬೇಕು. ಒಂದು ರೋಮನ್ ನಾಣ್ಯವನ್ನು ಬಿಡಿಯಾಗಿ ಅಂಗೈಯಲ್ಲಿಟ್ಟು ನೋಡಿದರೆ ಅದು ಬರೀ ಬೆಳ್ಳಿಯ ತುಂಡು. ಅದೇ ನಾಣ್ಯ ತನ್ನ ಕುಡಿಕೆಯಲ್ಲಿ ಸಂಗಾತಿಗಳ ಜೊತೆ ಇದ್ದಾಗ ಸಮುದ್ರದಾಚೆಯ ವ್ಯಾಪಾರಕ್ಕೆ ಸಾಕ್ಷಿ. ಆ ಸಾಕ್ಷಿಯನ್ನು ಕೆಡಿಸದೆ ಉಳಿಸಿ ಓದುವ ಕ್ರಮ ಇಲ್ಲಿದೆ.

ಮೊದಲ ಅರ್ಧ ಗಂಟೆ

ಕೆಲಸ ನಿಲ್ಲಿಸಿ. ಜೆಸಿಬಿ ಓಡುತ್ತಿದ್ದರೆ ಬಕೆಟ್ಟನ್ನು ಎತ್ತಿದ ಜಾಗದಲ್ಲೇ ನಿಲ್ಲಿಸಲು ಹೇಳಿ, ಕೊನೆಯ ನಾಲ್ಕೈದು ಬಕೆಟ್ ಮಣ್ಣು ಸುರಿದ ಗುಡ್ಡೆಗೆ ಕೋಲು ನೆಟ್ಟು ಗುರುತು ಮಾಡಿ. ಒಡೆದ ಮಡಕೆಯ ಅರ್ಧ ನಾಣ್ಯ ಆ ಗುಡ್ಡೆಯಲ್ಲೇ ಇರುತ್ತದೆ. ಹಣವೆಂಬ ಪುಟ್ಟ ಚಿನ್ನದ ನಾಣ್ಯ ಮೆಣಸಿನ ಕಾಳಿಗಿಂತ ಸ್ವಲ್ಪವೇ ಅಗಲ, ತೂಕ ಹೆಚ್ಚೆಂದರೆ 0.4 ಗ್ರಾಂ. ಬರಿಗಣ್ಣಿಗೆ ಮಣ್ಣಲ್ಲಿ ಅದು ಕಾಣುವುದಿಲ್ಲ. ಮುಂದೆ ಪುರಾತತ್ವ ಇಲಾಖೆಯವರು ಬಂದಾಗ ಆ ಗುಡ್ಡೆಯನ್ನು 2 ಮಿ.ಮೀ. ಕಣ್ಣಿನ ಜರಡಿಯಲ್ಲಿ ಹಿಡಿಸಬೇಕು.

ಕುಡಿಕೆ ಇನ್ನೂ ನೆಲದಲ್ಲೇ ಇದ್ದರೆ ಕೀಳಬೇಡಿ. ಮೊಬೈಲಿನಲ್ಲಿ ಮೊದಲು ದೂರದ ಚಿತ್ರ ತೆಗೆಯಿರಿ. ಮನೆ, ಕರೆಂಟ್ ಕಂಬ, ದೊಡ್ಡ ಮರ ಅದರಲ್ಲಿ ಬರಬೇಕು. ಆಮೇಲೆ ಪಕ್ಕದಲ್ಲಿ ಅಡಿಪಟ್ಟಿ ಇಟ್ಟು ನೇರ ಮೇಲಿನಿಂದ ಇನ್ನೊಂದು. ಮುಂದಿನ ನೂರು ವರ್ಷ ಅಲ್ಲಾಡದಂಥ ಎರಡು ಗುರುತುಗಳಿಂದ, ಅಂದರೆ ಬಂಡೆ, ಗುಡಿಯ ಮೂಲೆ, ಗಡಿಕಲ್ಲಿನಿಂದ, ಟೇಪು ಹಿಡಿದು ದೂರ ಅಳೆಯಿರಿ. ಮೊಬೈಲಿನ ಜಿಪಿಎಸ್ ಐದು ಹತ್ತು ಮೀಟರ್ ತಪ್ಪುತ್ತದೆ, ಅಡಿಕೆ ತೋಟದ ಮರದಡಿಯಲ್ಲಿ ಇನ್ನೂ ಹೆಚ್ಚು. ಅದನ್ನೂ ಬರೆದುಕೊಳ್ಳಿ, ಅದೊಂದನ್ನೇ ನಂಬಬೇಡಿ. ನೆಲದ ಮಟ್ಟದಿಂದ ಕುಡಿಕೆಯ ಬಾಯಿಗೆ ಎಷ್ಟು ಆಳ, ತಳಕ್ಕೆ ಎಷ್ಟು ಆಳ. ನೆಟ್ಟಗೆ ನಿಂತಿತ್ತೋ ವಾಲಿತ್ತೋ. ಬಾಯಿಗೆ ಚಪ್ಪಡಿ ಮುಚ್ಚಿತ್ತೋ, ಇನ್ನೊಂದು ಮಡಕೆಯನ್ನು ಬೋರಲು ಹಾಕಿತ್ತೋ. ಸುತ್ತಲಿನ ಮಣ್ಣು ಕೆಂಪೋ, ಬೂದಿ ಬಣ್ಣದ ಹಾಳುಮಣ್ಣೋ ಎಂಬುದನ್ನೂ ಬರೆಯಿರಿ. ಬೂದಿ, ಇದ್ದಿಲು, ಮಡಕೆ ಚೂರು ಬೆರೆತ ಮಣ್ಣಾದರೆ ಅಲ್ಲಿ ಊರಿತ್ತು. ಬರೀ ಕೆಂಪು ಮಣ್ಣಾದರೆ ದಾರಿಯ ಬದಿಯಲ್ಲೋ ಹೊಲದ ಅಂಚಿನಲ್ಲೋ ಹೂತಿಟ್ಟದ್ದಿರಬಹುದು. ವ್ಯಾಪಾರದ ಕಥೆಗೆ ಈ ವ್ಯತ್ಯಾಸ ಬಹಳ ಮುಖ್ಯ.

ಆಮೇಲೆ ಟಾರ್ಪಾಲು ಮುಚ್ಚಿ, ಒಬ್ಬರನ್ನು ಕಾವಲಿಗೆ ಕೂರಿಸಿ, ತಿಳಿಸಬೇಕಾದವರಿಗೆ ತಿಳಿಸಿ. ನೆಲದಡಿ ಸಿಕ್ಕ ನಿಧಿಗೆ ನಮ್ಮಲ್ಲಿ 1962ರ ಕರ್ನಾಟಕ ಟ್ರೆಷರ್ ಟ್ರೋವ್ ಕಾಯ್ದೆ ಇದೆ. ಗ್ರಾಮ ಆಡಳಿತಾಧಿಕಾರಿ, ತಹಶೀಲ್ದಾರರ ಮೂಲಕ ಜಿಲ್ಲಾಡಳಿತಕ್ಕೆ ಲಿಖಿತವಾಗಿ ತಿಳಿಸಿ. ಸರ್ವೆ ನಂಬರು, ಸಿಕ್ಕ ದಿನ, ಸಿಕ್ಕ ವಸ್ತುಗಳ ಎಣಿಕೆ ಅರ್ಜಿಯಲ್ಲಿರಲಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಬನ್ನಿ. ಮಹಜರು ನಡೆಯುವಾಗ ಎಣಿಕೆ ಎಲ್ಲರ ಎದುರು ಆಗಲಿ, ತೂಕವನ್ನು ಒಟ್ಟಾರೆಯಾಗಿಯಲ್ಲದೆ ಲೋಹವಾರು ಬರೆಸಿ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಗೂ ಒಳಪಡುತ್ತದೆ, ಪರವಾನಗಿಯಿಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಅಕ್ಕಸಾಲಿಯ ಹತ್ತಿರ ‘ಸುಮ್ಮನೆ ಒಂದು ತೋರಿಸಿ ಬರೋಣ’ ಎಂದು ಹೋದ ನಾಣ್ಯ ಒರೆಗಲ್ಲಿನ ಗೀರು ಹೊತ್ತು ಬರುತ್ತದೆ, ಅಥವಾ ಬರುವುದೇ ಇಲ್ಲ. ಆ ಗೀರನ್ನು ಮುಂದೆ ಯಾರಾದರೂ ಹಳೆಯ ಕಾಲದ ಪರೀಕ್ಷೆಯ ಗುರುತೆಂದು ತಪ್ಪು ತಿಳಿಯಬಹುದು.

ನಿಧಿ ಹುಡುಕುತ್ತಾ ಹೋಗುವವರಿಗೆ ಈ ಬರಹವಲ್ಲ. ಹಾಳು ಗುಡಿಗಳ ಪೀಠ ಕಿತ್ತವರು, ವೀರಗಲ್ಲು ಉರುಳಿಸಿದವರು ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಗಳಿಗೆ ಮಾಡಿದ ಕೇಡು ಯಾವ ನಾಣ್ಯದ ಬೆಲೆಗೂ ತೀರದು.

ತೊಳೆಯಬೇಡಿ

ಹುಣಸೆಹಣ್ಣು, ನಿಂಬೆ, ಬೂದಿ, ಪೀತಾಂಬರಿ ಯಾವುದೂ ಬೇಡ. ಬೆಳ್ಳಿಯ ಮೇಲಿನ ಕಪ್ಪು, ತಾಮ್ರದ ಮೇಲಿನ ಹಸಿರು ಬರೀ ಕೊಳೆಯಲ್ಲ. ಎಷ್ಟೋ ಸಲ ನಾಣ್ಯದ ಅಕ್ಷರ ಉಳಿದಿರುವುದೇ ಆ ಪದರದಲ್ಲಿ. ನಾಣ್ಯ ಕಟ್ಟಿದ್ದ ಬಟ್ಟೆಯ ನೇಯ್ಗೆಯ ಅಚ್ಚು ಕೂಡ ಅದರಲ್ಲೇ ಸಿಗುತ್ತದೆ. ಹುಳಿ ತಾಗಿದರೆ ಎರಡೂ ನಿಮಿಷದಲ್ಲಿ ಹೋಗುತ್ತವೆ. ಒಂದಕ್ಕೊಂದು ಅಂಟಿದ ನಾಣ್ಯಗಳನ್ನು ಚಾಕುವಿನಿಂದ ಬಿಡಿಸಬೇಡಿ. ಪ್ರಯೋಗಾಲಯದಲ್ಲಿ ಎಕ್ಸ್‌ರೇ ಹಾಕಿ, ಪದರ ಪದರವಾಗಿ ಬಿಡಿಸುತ್ತಾರೆ. ಯಾವುದು ಮೇಲಿತ್ತು, ಯಾವುದು ತಳದಲ್ಲಿತ್ತು ಎಂಬುದರಿಂದ ಒಂದೇ ಸಲ ತುಂಬಿದ ಕುಡಿಕೆಯೋ, ಅಪ್ಪ ಮಗ ಇಬ್ಬರ ಕಾಲದಲ್ಲಿ ತುಂಬುತ್ತಾ ಹೋದದ್ದೋ ಗೊತ್ತಾಗುತ್ತದೆ.

ಒಣ ನೆಲದ ನಾಣ್ಯವನ್ನು ಒಂದೊಂದಾಗಿ ಬೆಣ್ಣೆ ಕಾಗದದಲ್ಲಿ ಸುತ್ತಿ, ಸಂಖ್ಯೆ ಬರೆದು, ಸಿಲಿಕಾ ಜೆಲ್ ಪೊಟ್ಟಣವಿಟ್ಟ ಡಬ್ಬಿಯಲ್ಲಿಡಿ. ಮಲೆನಾಡಿನ ಆರಿದ್ರ ಮಳೆಯಲ್ಲಿ ತೇವ ಎಲ್ಲಿಗೂ ನುಗ್ಗುತ್ತದೆ. ತಾಮ್ರದ ನಾಣ್ಯದ ಮೇಲೆ ತಿಳಿಹಸಿರು ಪುಡಿ ಉದುರತೊಡಗಿದರೆ ಅದು ಕ್ಲೋರೈಡಿನ ಕಾಯಿಲೆ. ತಕ್ಷಣ ಬೇರೆ ಡಬ್ಬಿಗೆ ಹಾಕಿ ಒಣಗಿಡಬೇಕು. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಮ್ಮೂ ಬೇಡ, ಅದು ಬಿಡುವ ಆಮ್ಲಕ್ಕೆ ನಾಣ್ಯ ಹಸಿರಾಗಿ ಅಂಟಂಟಾಗುತ್ತದೆ. ಕೆರೆಯ ಕೆಸರಿನಲ್ಲಿ ಸಿಕ್ಕಿದ್ದಾದರೆ ಒಣಗಿಸದೆ ಅದೇ ಒದ್ದೆ ಮಣ್ಣಿನ ಸಮೇತ ಕೊಡಿ. ಕುಡಿಕೆಯೊಳಗಿನ ಮಣ್ಣನ್ನು ಚೆಲ್ಲಬೇಡಿ. ಅದರಲ್ಲಿ ಮಣಿ, ಕಾಳು, ದಾರದ ಎಳೆ ಇರಬಹುದು.

ಇಲ್ಲಿ ನಮ್ಮ ನೆಲದ ಗುಣ ನೆನಪಿಡಿ. ಹೆಚ್ಚು ಮಳೆ ಬೀಳುವ ಘಟ್ಟದ ಕೆಂಪುಮಣ್ಣು ಹುಳಿಮಣ್ಣು. ಅದು ತಾಮ್ರ, ಬೆಳ್ಳಿಯನ್ನು ತಿನ್ನುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಮಲೆನಾಡಿನಲ್ಲಿ ಚಿನ್ನ ಮಾತ್ರ ಸಿಕ್ಕಿತೆಂದು ಅಲ್ಲಿ ಬೆಳ್ಳಿ, ತಾಮ್ರ ಓಡಾಡಲಿಲ್ಲ ಎಂದು ಬರೆದುಬಿಟ್ಟರೆ ಮಣ್ಣಿನ ಕೆಲಸವನ್ನು ವ್ಯಾಪಾರಿಯ ತಲೆಗೆ ಕಟ್ಟಿದ ಹಾಗೆ.

ಪಟ್ಟಿ ಮಾಡುವುದು

ಅಧಿಕಾರಿಗಳ ಸಮ್ಮುಖದಲ್ಲಿ, ಇಲ್ಲವೇ ಸಂಗ್ರಹಾಲಯದ ಅನುಮತಿ ಪಡೆದು ಪಟ್ಟಿ ಮಾಡಬೇಕು. ಬೇಕಾದ್ದು ಇಷ್ಟೇ: 0.01 ಗ್ರಾಂ ತೋರಿಸುವ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದಾಗಿ ತೋರುವ ಕೈಮಸೂರ, ಪಕ್ಕದಿಂದ ಓರೆಯಾಗಿ ಬೀಳುವ ಒಂದು ದೀಪ. ಹಣದಂಥ ಪುಟ್ಟ ನಾಣ್ಯಕ್ಕೆ 0.001 ಗ್ರಾಮಿನ ತಕ್ಕಡಿಯೇ ಆಗಬೇಕು. ಪ್ರತಿ ನಾಣ್ಯಕ್ಕೂ ಲೋಹ, ತೂಕ, ಅಗಲ, ಎರಡೂ ಮುಖದ ಚಿತ್ರ, ಕಂಡಷ್ಟೇ ಅಕ್ಷರ, ಸವೆತ ಬರೆಯಿರಿ. ಜೊತೆಗೆ ಅಚ್ಚಿನ ದಿಕ್ಕು: ನಾಣ್ಯವನ್ನು ನೆಟ್ಟಗೆ ಹಿಡಿದು ಎಡ–ಬಲಕ್ಕೆ ತಿರುವಿದಾಗ ಹಿಂಬದಿಯ ಚಿತ್ರದ ತಲೆ ಗಡಿಯಾರದ ಎಷ್ಟನೇ ಗಂಟೆಗೆ ತೋರುತ್ತದೆ ಎಂಬ ಸಂಖ್ಯೆ. ಕೊನೆಯ ಒಂದು ಕಲಮಿನಲ್ಲಿ ಮನುಷ್ಯರು ಮಾಡಿದ ಗಾಯಗಳು: ತೂತು, ಬೆಸೆದ ಕೊಂಡಿ, ಉಳಿಯ ಕಚ್ಚು, ಒತ್ತಿದ ಪುಟ್ಟ ಮುದ್ರೆ, ಕತ್ತರಿಸಿದ ಅಂಚು. ಓದಲಾಗದ ಅಕ್ಷರವನ್ನು ಊಹಿಸಿ ತುಂಬಬೇಡಿ, ಚುಕ್ಕಿ ಇಡಿ.

ನಮ್ಮ ನೆಲದ ನಾಣ್ಯಗಳನ್ನು ಮೊದಲು ಬೇರೆ ಮಾಡಿಕೊಂಡರೆ ಹೊರಗಿನದು ತಾನಾಗಿ ಎದ್ದು ಕಾಣುತ್ತದೆ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ಗದ್ಯಾಣ ಹತ್ತಿರ ಹತ್ತಿರ 4 ಗ್ರಾಂ. ಒಂದು ಕಡೆ ಸಿಂಹ, ಇನ್ನೊಂದು ಕಡೆ ಕನ್ನಡದಲ್ಲೇ ‘ಶ್ರೀ ತಳಕಾಡುಗೊಂಡ’ ಎಂದೋ ‘ಶ್ರೀ ನೊಣಂಬವಾಡಿಗೊಂಡ’ ಎಂದೋ ಬರಹ. ವಿಜಯನಗರದ ಚಿನ್ನದ ನಾಣ್ಯ ವರಾಹ 3.4 ಗ್ರಾಂ ಆಸುಪಾಸು. ಗದ್ಯಾಣದ ಹತ್ತನೇ ಒಂದು ಪಾಲು ಹಣ.

ಹೊರಗಿನವುಗಳಲ್ಲಿ ಕರ್ನಾಟಕದಲ್ಲಿ ಹೆಸರಾದದ್ದು ರೋಮಿನ ಬೆಳ್ಳಿ ದಿನಾರಿಯಸ್. ಅಗಲ 18–19 ಮಿ.ಮೀ., ತೂಕ ಸವೆತಕ್ಕೆ ತಕ್ಕಂತೆ 3.5ರಿಂದ 3.9 ಗ್ರಾಂ. ಭಾರತದಲ್ಲಿ ಅತಿ ಹೆಚ್ಚು ಸಿಗುವುದು ಎರಡೇ ಮಾದರಿ. ಚಕ್ರವರ್ತಿ ಆಗಸ್ಟಸ್‌ನದರ ಹಿಂಬದಿಯಲ್ಲಿ ಇಬ್ಬರು ಯುವಕರು ನಿಂತಿರುತ್ತಾರೆ, ನಡುವೆ ಗುರಾಣಿ, ಈಟಿ. ಟೈಬೀರಿಯಸ್‌ನದರ ಹಿಂಬದಿಯಲ್ಲಿ ಪೀಠದ ಮೇಲೆ ಕುಳಿತ ಹೆಣ್ಣು, ಕೈಯಲ್ಲಿ ಕೋಲು ಮತ್ತು ರೆಂಬೆ. ಎರಡೂ ಇಂದಿನ ಫ್ರಾನ್ಸಿನ ಲಿಯೋನ್ ಟಂಕಸಾಲೆಯವು. 1891ರಲ್ಲಿ ಯಶವಂತಪುರದಲ್ಲಿ 163, 1965ರಲ್ಲಿ ಬೆಂಗಳೂರಿನ ಎಚ್‌ಎಎಲ್ ಪ್ರದೇಶದಲ್ಲಿ 256 ಇಂಥ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ನಮ್ಮ ನೆರೆಯ ಚಿತ್ರದುರ್ಗದ ಚಂದ್ರವಳ್ಳಿಯ ಅಗೆತದಲ್ಲೂ ಸಾತವಾಹನರ ಕಾಲದ ವಸ್ತುಗಳ ಜೊತೆ ದಿನಾರಿಯಸ್ ಬಂದಿವೆ. ಹಾವೇರಿ ಜಿಲ್ಲೆಯ ಅಕ್ಕಿ ಆಲೂರಿನಲ್ಲಿ ದೊರೆತ ಚಿನ್ನದ ನಾಣ್ಯಗಳು 5–6ನೇ ಶತಮಾನದ ಪೂರ್ವ ರೋಮನ್ ಸಾಮ್ರಾಜ್ಯದ ಕಡೆಗೆ ಕೈತೋರುತ್ತವೆ. ಆ ಸಾಮ್ರಾಜ್ಯದ ಚಿನ್ನದ ನಾಣ್ಯಕ್ಕೆ ಸಾಲಿಡಸ್ ಎಂದು ಹೆಸರು, ಅಚ್ಚುಕಟ್ಟಾದ ಸಾಲಿಡಸ್ 4.5 ಗ್ರಾಂ ಇರಬೇಕು.

ಅರಬ್ಬಿ ನಾಣ್ಯದಲ್ಲಿ ಸಾಮಾನ್ಯವಾಗಿ ಚಿತ್ರವಿಲ್ಲ, ಬರಹವೇ ಎಲ್ಲ. ಟಂಕಸಾಲೆಯ ಹೆಸರು, ಹಿಜರಿ ವರ್ಷ ಎರಡೂ ಅದರಲ್ಲಿ ಇರುವುದರಿಂದ ಕಾಲ ಹೇಳಲು ಇಷ್ಟು ಅನುಕೂಲವಾದ ನಾಣ್ಯ ಇನ್ನೊಂದಿಲ್ಲ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. 700 ಎಂದಿದ್ದರೆ 1301ರ ಸುಮಾರು. ವೆನಿಸ್ಸಿನ ಡ್ಯುಕಾಟ್ 3.5 ಗ್ರಾಮಿನ, ಬಹುತೇಕ ಅಪ್ಪಟ ಚಿನ್ನದ ತೆಳು ಬಿಲ್ಲೆ. ಒಂದು ಕಡೆ ಸಂತನ ಎದುರು ಮಂಡಿಯೂರಿದ ದೊರೆ, ಇನ್ನೊಂದು ಕಡೆ ನಕ್ಷತ್ರಗಳ ಮೊಟ್ಟೆಯಾಕಾರದೊಳಗೆ ಏಸು. 1284ರಿಂದ 1797ರವರೆಗೆ ಈ ಚಿತ್ರ ಹೆಚ್ಚೇನೂ ಬದಲಾಗಲಿಲ್ಲ. ಹಾಗಾಗಿ ಚಿತ್ರ ನೋಡಿ ಕಾಲ ಹೇಳಬೇಡಿ, ದೊರೆಯ ಹೆಸರಿನ ಅಕ್ಷರ ಓದಿ. ಅಕ್ಷರ ಅರ್ಥವಿಲ್ಲದ ಗೀಟುಗಳಾಗಿದ್ದರೆ ಅದು ಇಲ್ಲಿನ ಅಕ್ಕಸಾಲಿ ಕಾಸಿನ ಸರಕ್ಕಾಗಿ ಮಾಡಿದ ನಕಲು. ನಕಲೂ ಸಾಕ್ಷಿಯೇ: ಅಸಲು ನಾಣ್ಯ ಇಲ್ಲಿನವರಿಗೆ ಅಷ್ಟು ಪರಿಚಿತವಾಗಿತ್ತು, ಅದಕ್ಕೆ ಅಷ್ಟು ಬೆಲೆಯಿತ್ತು.

ನಾಣ್ಯವಲ್ಲದ್ದನ್ನೂ ಪಟ್ಟಿಗೆ ಸೇರಿಸಿ. ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದಿರಬಹುದು. ರೋಮನ್ ಹಡಗುಗಳು ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತರುತ್ತಿದ್ದವೆಂದು ಒಂದನೇ ಶತಮಾನದ ಗ್ರೀಕ್ ನಾವಿಕನ ಕೈಪಿಡಿ ‘ಪೆರಿಪ್ಲಸ್’ ಹೇಳುತ್ತದೆ. ಕವಡೆಯ ದೊಡ್ಡ ತವರು ಮಾಲ್ದೀವ್ಸ್. ಆದರೆ ಚೌಕಾಬಾರ ಆಡದ ಮನೆ ನಮ್ಮಲ್ಲಿ ಇರಲಿಲ್ಲವಾದ್ದರಿಂದ ಮೇಲ್ಮಣ್ಣಿನ ಕವಡೆಗೆ ಬೆಲೆಯಿಲ್ಲ, ಮುಚ್ಚಿದ ಕುಡಿಕೆಯೊಳಗಿನ ಕವಡೆಗೆ ಮಾತ್ರ. ಮಡಕೆ ಚೂರಿಗೂ ಹೀಗೇ. ನಮ್ಮ ಹಳೆಯ ಕುಂಬಾರಿಕೆಯಲ್ಲಿ ಗಾಜಿನಂಥ ಲೇಪವಿಲ್ಲ. ಹಸಿರು ಲೇಪದ ದಪ್ಪ ಚೂರು ಕಂಡರೆ ಚೀನಾದ ಸೆಲಡಾನ್ ಇರಬಹುದೇ ಎಂದು ಕೇಳಿಕೊಳ್ಳಿ. ಆದರೆ ಎಸ್ಟೇಟ್ ಬಂಗಲೆಯ ಹಳೇ ಪಿಂಗಾಣಿ ತಟ್ಟೆ, ಅಜ್ಜಿಯ ಉಪ್ಪಿನಕಾಯಿ ಭರಣಿಯ ಚೂರು ಕಾಫಿ ತೋಟದ ತುಂಬ ಬಿದ್ದಿರುತ್ತವೆ. ಅವುಗಳಿಂದ ಚೀನಾದ ಹಾದಿ ಹಿಡಿದವರು ಬಹಳ.

ನಕಲಿಯ ಬಗ್ಗೆ ಎಚ್ಚರ. ಹನುಮಂತನ ಚಿತ್ರವಿರುವ 1818ನೇ ಇಸವಿಯ ಈಸ್ಟ್ ಇಂಡಿಯಾ ಕಂಪನಿ ‘ನಾಣ್ಯ’ವನ್ನು ಕಂಪನಿ ಎಂದೂ ಹೊರಡಿಸಲಿಲ್ಲ. ರಾಮಟಂಕಿ ಪೂಜೆಯ ಬಿಲ್ಲೆ, ಚಲಾವಣೆಯ ನಾಣ್ಯವಲ್ಲ. ಅಕ್ಕಿಕಾಳು ಎಳೆಯುವ ತಾಮ್ರವೆಂದು ‘ರೈಸ್ ಪುಲ್ಲಿಂಗ್’ ಹೆಸರಲ್ಲಿ ಬರುವವರು ಮೋಸಗಾರರು, ಪೊಲೀಸರಿಗೆ ಹೇಳಿ.

ಕುಡಿಕೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮೊದಲ ನಿಯಮ: ಕುಡಿಕೆಯ ಕಾಲವನ್ನು ಅದರಲ್ಲಿರುವ ಅತಿ ಹೊಸ ನಾಣ್ಯ ಹೇಳುತ್ತದೆ, ಅದೂ ‘ಇದಕ್ಕಿಂತ ಮುಂಚೆ ಹೂತದ್ದಲ್ಲ’ ಎಂದಷ್ಟೇ. ತಲಕಾಡು ವಿಷ್ಣುವರ್ಧನನ ಕೈಗೆ ಬಂದದ್ದು 1116ರ ಸುಮಾರಿಗೆ. ‘ತಳಕಾಡುಗೊಂಡ’ ಎಂಬ ಒಂದೇ ಒಂದು ಗದ್ಯಾಣ ಇದ್ದರೂ ಆ ಕುಡಿಕೆ ಅದಕ್ಕಿಂತ ಹಿಂದಿನದಾಗಲಾರದು, ಉಳಿದ ನಾಣ್ಯ ಎಷ್ಟೇ ಹಳೆಯದಿರಲಿ. ಹಳೇಬೀಡಿನ ಸುತ್ತ ಏನು ಸಿಕ್ಕರೂ 1311ರಲ್ಲಿ ಮಲಿಕ್ ಕಾಫರ್ ದಂಡೆತ್ತಿ ಬಂದಾಗ ಹೆದರಿ ಹೂತದ್ದು ಎನ್ನುವ ಮಾತು ತಟ್ಟನೆ ಬಾಯಿಗೆ ಬರುತ್ತದೆ. ಅದರಲ್ಲಿ ವಿಜಯನಗರದ ಒಂದು ವರಾಹ ಇದ್ದರೂ ಆ ಮಾತು ಬಿದ್ದುಹೋಯಿತು.

ಎರಡನೆಯದು ಇನ್ನೂ ಸೂಕ್ಷ್ಮ. ಎಚ್‌ಎಎಲ್ ಕುಡಿಕೆಯಲ್ಲಿ ಆಗಸ್ಟಸ್, ಟೈಬೀರಿಯಸ್ ಇಬ್ಬರವೇ ಇವೆ. ಟೈಬೀರಿಯಸ್ ಸತ್ತದ್ದು 37ರಲ್ಲಿ. ಹಾಗಾದರೆ 37ರ ನಂತರ ವ್ಯಾಪಾರ ನಿಂತಿತೇ? ಹಾಗೆ ಹೇಳಲಾಗದು. 64ರಲ್ಲಿ ನೀರೋ ದಿನಾರಿಯಸ್‌ನ ತೂಕವನ್ನು 3.9ರಿಂದ 3.4 ಗ್ರಾಮಿಗೆ ಇಳಿಸಿ ಬೆಳ್ಳಿಯ ಶುದ್ಧತೆಯನ್ನೂ ಕಡಿಮೆ ಮಾಡಿದ. ನಾಣ್ಯವನ್ನು ಲೋಹದ ಬೆಲೆಗೆ ತೆಗೆದುಕೊಳ್ಳುವ ವ್ಯಾಪಾರಿ ಹಳೆಯ ಭಾರದ ನಾಣ್ಯವನ್ನೇ ಕೇಳುತ್ತಾನೆ. ಆದ್ದರಿಂದ ಹಳೆಯವನ್ನೇ ಆರಿಸಿ ತಂದ ಗಂಟು ಎಷ್ಟೋ ದಶಕ ತಡವಾಗಿಯೂ ಬಂದಿರಬಹುದು. ಇದನ್ನು ತೂಗಿ ನೋಡುವ ದಾರಿ ಸವೆತ: ತುಂಬ ಸವೆದಿದ್ದರೆ ರೋಮಿನಲ್ಲೋ ಇಲ್ಲೋ ಬಹಳ ಕಾಲ ಕೈ ಬದಲಾಯಿಸಿದೆ, ಹೊಸದರಂತಿದ್ದರೆ ಟಂಕಸಾಲೆಯಿಂದ ಬೇಗ ಹಡಗು ಹತ್ತಿದೆ.

ಮೂರನೆಯದು ಗಾಯದ ಕಲಮು. 1898ರಲ್ಲಿ ತಮಿಳುನಾಡಿನ ಪುದುಕ್ಕೋಟೆಯಲ್ಲಿ 501 ರೋಮನ್ ಚಿನ್ನದ ನಾಣ್ಯ ಸಿಕ್ಕಿದವು. ಬಹುಪಾಲಿನ ಮೇಲೆ ಚಕ್ರವರ್ತಿಯ ತಲೆಗೆ ಅಡ್ಡವಾಗಿ ಉಳಿಯ ಏಟು. ಒಳಗೂ ಚಿನ್ನವೇ ಇದೆಯೇ ಎಂದು ನೋಡಲೋ, ಇದು ಇನ್ನು ದೊರೆಯ ನಾಣ್ಯವಲ್ಲ, ಬರೀ ಚಿನ್ನ ಎಂದು ಸಾರಲೋ ಹಾಗೆ ಮಾಡಿರಬಹುದು. ಎರಡರಲ್ಲಿ ಯಾವುದಾದರೂ, ಅಲ್ಲಿ ನಾಣ್ಯ ಬರೀ ಚಿನ್ನದ ಗಟ್ಟಿಯ ಹಾಗೆ ತೂಕದ ಬೆಲೆಗೆ ನಡೆಯುತ್ತಿತ್ತು. ತೂತು ಮತ್ತು ಕೊಂಡಿ ಇದ್ದರೆ ಒಡವೆಯಾಗಿತ್ತು. ಪುಟ್ಟ ಮುದ್ರೆ ಒತ್ತಿದ್ದರೆ ಸರಾಫನೊಬ್ಬನ ಕೈ ದಾಟಿತ್ತು. ಇವು ಮೂರೂ ಬೇರೆ ಬೇರೆ ಬದುಕು. ‘ರೋಮನ್ ನಾಣ್ಯ ಚಲಾವಣೆಯಲ್ಲಿತ್ತು’ ಎಂಬ ಒಂದೇ ವಾಕ್ಯದಲ್ಲಿ ಮೂರನ್ನೂ ಕಟ್ಟಬೇಡಿ.

ದೂರದ ನಾಣ್ಯ ಬಂತೆಂದರೆ ದೂರದ ಮನುಷ್ಯ ಬಂದ ಎಂದೂ ಅಲ್ಲ. ಇಂಗ್ಲೆಂಡಿನ ಯಾರ್ಕ್ ಬಳಿ 2007ರಲ್ಲಿ ಸಿಕ್ಕ ವೈಕಿಂಗರ ಕಾಲದ ಬೆಳ್ಳಿಯ ಪಾತ್ರೆಯಲ್ಲಿ 617 ನಾಣ್ಯಗಳಿದ್ದವು, ಅವುಗಳಲ್ಲಿ ಸಮರಕಂದದ್ದೂ ಇದೆ. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಸ್ಪಿಲಿಂಗ್ಸ್‌ನಲ್ಲಿ 1999ರಲ್ಲಿ ಸಿಕ್ಕ 67 ಕಿಲೋ ಬೆಳ್ಳಿಯಲ್ಲಿ 14,000ಕ್ಕೂ ಹೆಚ್ಚು ಅರಬ್ಬಿ ನಾಣ್ಯ. ಸಮರಕಂದದ ವರ್ತಕ ಯಾರ್ಕಿಗೆ ಹೋದನೆಂದು ಯಾರೂ ಹೇಳುವುದಿಲ್ಲ. ನಾಣ್ಯ ಕೈಯಿಂದ ಕೈಗೆ, ಸಂತೆಯಿಂದ ಸಂತೆಗೆ ನಡೆಯುತ್ತದೆ. ಘಟ್ಟ ಹತ್ತಿ ಬಂದ ದಿನಾರಿಯಸ್ ಕೂಡ ಕರಾವಳಿಯ ಯಾವುದೋ ಬಂದರಿನಲ್ಲಿ ಕೈ ಬದಲಿಸಿ ಬಂದಿರಬಹುದು.

ಬೆಲೆಯ ಲೆಕ್ಕವನ್ನೂ ಹಾಕಿ ನೋಡಿ, ಗಂಟಿನ ಗಾತ್ರ ಅಂದಾಜಿಗೆ ಸಿಗುತ್ತದೆ. ರೋಮನ್ ಲೇಖಕ ಪ್ಲಿನಿ ಕರಿಮೆಣಸಿಗೆ ರೋಮ್ ಪೇಟೆಯ ದರ ಪೌಂಡಿಗೆ 4 ದಿನಾರಿಯಸ್ ಎಂದು ಬರೆದಿದ್ದಾನೆ. ಆಗಿನ ಪೌಂಡು ಸುಮಾರು 327 ಗ್ರಾಂ. ಎಚ್‌ಎಎಲ್ ಕುಡಿಕೆಯ 256 ನಾಣ್ಯಕ್ಕೆ ಅಲ್ಲಿ ಬರುತ್ತಿದ್ದದ್ದು 64 ಪೌಂಡು, ಅಂದರೆ 21 ಕಿಲೋ ಮೆಣಸು. ಒಂದು ಎತ್ತಿನ ಹೇರಿಗೂ ಸಾಲದು. ಇಲ್ಲಿನ ಸರಕು ಅಲ್ಲಿ ನೂರು ಪಟ್ಟು ಬೆಲೆಗೆ ಮಾರುತ್ತದೆಂದೂ ಅವನೇ ಗೊಣಗುತ್ತಾನೆ. ಉತ್ಪ್ರೇಕ್ಷೆಯನ್ನು ಕಳೆದರೂ, ಅದೇ ನಾಣ್ಯಕ್ಕೆ ಘಟ್ಟದ ಬುಡದಲ್ಲಿ ಎಷ್ಟೋ ಹೇರು ಮೆಣಸು ಸಿಗುತ್ತಿತ್ತು. ಈಜಿಪ್ಟಿನ ಬೆರೆನಿಕೆ ಬಂದರಿನ ದೇವಾಲಯದಲ್ಲಿ ಒಂದು ಹರವಿಯಲ್ಲೇ ಏಳೂವರೆ ಕಿಲೋ ಕರಿಮೆಣಸು ಸಿಕ್ಕಿದೆ. ಮೆಣಸಿನ ಬಳ್ಳಿಯ ತವರು ನಮ್ಮ ಈ ಪಶ್ಚಿಮ ಘಟ್ಟ.

ಹೊಯ್ಸಳರ ಕಾಲಕ್ಕೆ ಬಂದರೆ ಪ್ರಶ್ನೆಯೇ ತಿರುಗುತ್ತದೆ. ವಿಷ್ಣುವರ್ಧನನ ದಿನಗಳಲ್ಲೇ ಅಬ್ರಹಾಂ ಬೆನ್ ಯೀಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿ ಅರೇಬಿಯಾದ ಏಡನ್ ಬಂದರಿನ ಜೊತೆ ಮೆಣಸು, ಅಡಿಕೆ, ಕಬ್ಬಿಣದ ವ್ಯಾಪಾರ ಮಾಡುತ್ತಿದ್ದ. ಅವನ ಪತ್ರಗಳು ಕೈರೋದ ಯಹೂದಿ ಮಂದಿರದಲ್ಲಿ ಉಳಿದುಕೊಂಡು ನಮ್ಮ ಕಾಲಕ್ಕೆ ಸಿಕ್ಕಿವೆ. ವ್ಯಾಪಾರ ಇಷ್ಟು ಜೋರಾಗಿದ್ದರೂ ಆ ಕಾಲದ ಕುಡಿಕೆಯಲ್ಲಿ ನೀವು ನಿರೀಕ್ಷಿಸಬೇಕಾದ್ದು ಹೆಚ್ಚಾಗಿ ಗದ್ಯಾಣ, ಹಣಗಳನ್ನೇ. ಹೊರಗಿನ ಚಿನ್ನ ಟಂಕಸಾಲೆಯ ಮೂಸೆಗೆ ಬಿದ್ದು ದೊರೆಯ ಸಿಂಹ ಹೊತ್ತು ಹೊರಬಂದರೆ ಅದರ ಊರು ಅಳಿಸಿಹೋಗುತ್ತದೆ. ಆದ್ದರಿಂದ ಪರದೇಶದ ನಾಣ್ಯವಿಲ್ಲದ ಕುಡಿಕೆಯನ್ನು ‘ಸ್ಥಳೀಯ’ ಎಂದು ಮುಚ್ಚಿಡಬೇಡಿ. ಅದರ ಸಾಕ್ಷಿಯನ್ನು ಶಾಸನದಲ್ಲಿ ಹುಡುಕಬೇಕು.

ಶಾಸನ ಮತ್ತು ದಾರಿ

ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 5ನೇ ಸಂಪುಟ ಹಾಸನದ್ದು, 6ನೇ ಸಂಪುಟ ಕಡೂರಿನದು, ಚಿಕ್ಕಮಗಳೂರು ಜಿಲ್ಲೆಗೆ ಆಗ ಇದ್ದ ಹೆಸರು ಅದೇ. ಕುಡಿಕೆ ಸಿಕ್ಕ ಊರಿನಿಂದ ಒಂದು ದಿನದ ಎತ್ತಿನ ನಡಿಗೆಯ ಒಳಗಿನ, ಅಂದರೆ 15–20 ಕಿ.ಮೀ. ಸುತ್ತಿನ ಊರುಗಳ ಶಾಸನ ತೆಗೆದು ಈ ಮಾತುಗಳನ್ನು ಹುಡುಕಿ: ನಾನಾದೇಶಿ, ಅಯ್ಯಾವೊಳೆ ಐನೂರ್ವರು (ಇವೆರಡೂ ವರ್ತಕರ ಸಂಘದ ಹೆಸರು), ವಡ್ಡಬ್ಯವಹಾರಿ (ದೊಡ್ಡ ವ್ಯಾಪಾರಿ), ಪಟ್ಟಣಸ್ವಾಮಿ (ಪೇಟೆಯ ಮುಖಂಡ), ಹೆಜ್ಜುಂಕ (ದೊಡ್ಡ ಸುಂಕ), ಸಂತೆ, ಹೇರು, ಮೆಣಸು, ಅಡಕೆ, ಕುದುರೆ. ಅರಸೀಕೆರೆಯ ಶಾಸನಗಳನ್ನು ಬಿಡಬೇಡಿ, ಅದು ವರ್ತಕರ ಊರು. ಸುಂಕದ ಶಾಸನದಲ್ಲಿ ಯಾವ ಸರಕಿನ ಹೇರಿಗೆ ಎಷ್ಟು ಹಣ, ಅದಕ್ಕಿಂತ ಚಿಕ್ಕವಾದ ಹಾಗ ಎಷ್ಟು, ವೀಸ ಎಷ್ಟು ಎಂದಿದ್ದರೆ ಅದೇ ಬೆಲೆಯ ನಾಣ್ಯ ನಿಮ್ಮ ಪಟ್ಟಿಯಲ್ಲಿ ಇದೆಯೇ ನೋಡಿ. ಬರೀ ಗದ್ಯಾಣವೇ ಇದ್ದರೆ ಕೂಡಿಟ್ಟ ಸಂಪತ್ತು ಎನ್ನಲು ಕಾರಣವಿದೆ. ಹಣ, ಹಾಗ, ತಾಮ್ರ ಬೆರೆತಿದ್ದರೆ ಅಂಗಡಿಯ ಗಲ್ಲಾಪೆಟ್ಟಿಗೆಯಿಂದಲೋ ಸುಂಕದ ಕಟ್ಟೆಯಿಂದಲೋ ಬಂದ ಗಂಟಿರಬಹುದು.

ಆಮೇಲೆ ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ನಕ್ಷೆಯ ಮೇಲೆ ಜಾಗ ಗುರುತಿಸಿ ಘಟ್ಟದ ದಾರಿಗಳನ್ನು ಎಳೆಯಿರಿ: ಚಾರ್ಮಾಡಿ, ಶಿರಾಡಿ, ಬಿಸಿಲೆ. ಇಂದಿನ ಹೆದ್ದಾರಿಯನ್ನೇ ಹಳೆಯ ದಾರಿ ಎಂದುಕೊಳ್ಳುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಹೇರಿನ ಎತ್ತು ಕಡಿದಾದ ಏರನ್ನೂ ಹತ್ತುತ್ತದೆ, ಅದಕ್ಕೆ ಬೇಕಾದ್ದು ಸಂಜೆಗೆ ನೀರು ಮತ್ತು ಹುಲ್ಲು. ಆದ್ದರಿಂದ ಹಳೇ ಕೆರೆ, ಕಲ್ಯಾಣಿ, ಹಾಳೂರು, ಸಾಲು ವೀರಗಲ್ಲುಗಳನ್ನು ಜೋಡಿಸುತ್ತಾ ಹೋಗಿ. ದನಕರು ಕಾಯುವ ಹಿರಿಯರನ್ನು ಕೇಳಿದರೆ ನಕ್ಷೆಯಲ್ಲಿಲ್ಲದ ಕಾಲುದಾರಿಯ ಹೆಸರು ಸಿಗುತ್ತದೆ.

ಕೊನೆಯದಾಗಿ ಚದುರಿಹೋದ ಕುಡಿಕೆಯ ಮಾತು. ಆಳುಗಳು ಹಂಚಿಕೊಂಡು, ಮಾರಿ, ಕರಗಿಸಿ ಉಳಿದ ಹನ್ನೆರಡೇ ನಾಣ್ಯ ಕೈಗೆ ಬಂದರೂ ಬಿಡಬೇಡಿ. ಕಂಡವರನ್ನು ಬೇರೆ ಬೇರೆಯಾಗಿ ಕೂರಿಸಿ ಒಟ್ಟು ಎಷ್ಟಿತ್ತು, ಬಿಳಿಯೋ ಹಳದಿಯೋ, ಮಡಕೆ ಎಷ್ಟು ದೊಡ್ಡದು ಎಂದು ಕೇಳಿ, ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಮಡಕೆಯ ಚೂರು ಉಳಿದಿದ್ದರೆ ಅಂಚಿನ ಬಾಗಿನಿಂದ ಬಾಯಿಯ ಅಗಲ ಅಳೆದು, ಎಷ್ಟು ಹಿಡಿಸಬಹುದಿತ್ತೆಂದು ಅಂದಾಜು ಮಾಡಬಹುದು. ಚದುರುವಾಗ ದೊಡ್ಡ ನಾಣ್ಯ, ಅಪರೂಪದ ನಾಣ್ಯ ಮೊದಲು ಹೋಗುತ್ತದೆ, ಸವೆದ ಚಿಕ್ಕದು ಉಳಿಯುತ್ತದೆ. ಉಳಿದ ಹನ್ನೆರಡರಲ್ಲಿ ಪರದೇಶದ ನಾಣ್ಯ ಇಲ್ಲದಿದ್ದರೆ ಮೂಲದಲ್ಲೂ ಇರಲಿಲ್ಲ ಎನ್ನಲು ಬರುವುದಿಲ್ಲ. ಅಂಥ ಪಟ್ಟಿಯ ನೆತ್ತಿಯ ಮೇಲೆ ‘ಪೂರ್ತಿಯಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು, ಒಂದು ಪ್ರತಿಯನ್ನು ಸಂಗ್ರಹಾಲಯಕ್ಕೆ, ಒಂದನ್ನು ಊರಿನ ಶಾಲೆಗೆ ಕೊಡಿ.